ನಾನು ತೋರಿಸಿದ ಸುಳ್ಳು ಹಸಿರು

ನಾನೊಂದು ಕಂಪ್ಯೂಟರ್. ಹೆಸರಾಂತ ಕಂಪನಿಯ ಮುದ್ರೆ ನನ್ನ ಮೈಮೇಲೆ ಎಲ್ಲೂ ಇಲ್ಲ. ಡಬ್ಬ ಒಂದು ಕಡೆಯದು, ಡಿಸ್ಕ್ ಇನ್ನೊಂದು ಕಡೆಯದು, ಫ್ಯಾನು ಯಾವುದೋ ಕೆಟ್ಟುಹೋದ ಕಂಪ್ಯೂಟರಿನದು. ಗದಗಿನ ಒಂದು ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ನೆಲದ ಮೇಲೆ ಹಳೆಯ ಪೇಪರ್ ಹಾಸಿಕೊಂಡು, ಮೌಲಾಸಾಬ ನದಾಫ ಎಂಬ ಲ್ಯಾಬ್ ಇನ್‌ಸ್ಟ್ರಕ್ಟರ್ ನನ್ನನ್ನು ಜೋಡಿಸಿದರು. ಕೊನೆಯ ಸ್ಕ್ರೂ ಬಿಗಿ ಮಾಡಿ ಬಟನ್ ಒತ್ತಿದಾಗ ನಾನು ಒಮ್ಮೆ ಬೀಪ್ ಎಂದೆ. "ಆತು, ಹುಟ್ಟಿತು" ಎಂದು ಅವರು ಕೈ ಒರೆಸಿಕೊಂಡರು. ಹಾಗೆ ನನ್ನನ್ನು ಹುಟ್ಟಿಸಿದ ಮನುಷ್ಯನಿಗೆ ನನ್ನಿಂದ ಆದ ಅನ್ಯಾಯವನ್ನೇ ನಾನೀಗ ಹೇಳಬೇಕಾಗಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ಲ್ಯಾಬಿನಲ್ಲಿ ನಾನು ಏಳನೆಯ ನಂಬರಿನವನು. ಒಂಬತ್ತು ವರ್ಷ ಡಿಪ್ಲೊಮಾ ಹುಡುಗ ಹುಡುಗಿಯರ ಗುದ್ದು ತಿಂದೆ. ಉತ್ತರ ತಪ್ಪು ಬಂದಾಗಲೆಲ್ಲ ಅವರು ನನ್ನ ತಲೆಯ ಮೇಲೆ ತಟ್ಟಿ "ಇದರದ್ದೇ ಏನೋ ಆಗೇತಿ" ಎನ್ನುತ್ತಿದ್ದರು. ತಪ್ಪು ಯಾರದೇ ಇರಲಿ, ಪೆಟ್ಟು ನನಗೇ. ಅದು ರೂಢಿಯಾಗಿಬಿಟ್ಟಿತ್ತು. ಹೊಸ ಕಂಪ್ಯೂಟರುಗಳು ಬಂದ ವರ್ಷ ನನ್ನನ್ನು ಗುಜರಿಯ ಪಟ್ಟಿಗೆ ಸೇರಿಸಿದರು. ಆಗ ಅದೇ ಕಾಲೇಜಿನ ಉಪನ್ಯಾಸಕಿ ವಿಶಾಲಾಕ್ಷಿ ಕುಂದರಗಿ ಅರ್ಜಿ ಬರೆದುಕೊಟ್ಟು ನನ್ನನ್ನು ಮನೆಗೆ ತಂದುಕೊಂಡರು.

ಅವರ ಮೇಜಿನ ಕೆಳಗೆ ನನ್ನ ಜಾಗ. ಹಾಗಾಗಿ ವಿಶಾಲಾಕ್ಷಿಯವರ ಮುಖಕ್ಕಿಂತ ಅವರ ಪಾದಗಳೇ ನನಗೆ ಹೆಚ್ಚು ಗೊತ್ತು. ಕೆಲಸ ಸರಾಗವಾಗಿ ಸಾಗಿದರೆ ಬಲಗಾಲು ತಾಳ ಹಾಕುತ್ತದೆ. ನಾಚಿಕೆಯಾದರೆ ಎರಡೂ ಕಾಲಿನ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ತರಗತಿಯಲ್ಲಿ ಗಟ್ಟಿ ದನಿಯ ಹೆಂಗಸು ಎಂದು ಹೆಸರಾಗಿದ್ದವರ ಈ ಗುಟ್ಟು ನನ್ನೊಬ್ಬನಿಗೇ ತಿಳಿದದ್ದು.

ಅವರಿಗೊಂದು ಹುಚ್ಚಿತ್ತು. ಅದರ ಹೆಸರು 'ಹಗೇವು'. ನಮ್ಮ ಕಡೆ ನೆಲದೊಳಗೆ ಗುಂಡಿ ತೋಡಿ ಜೋಳ ತುಂಬಿಡುವುದಕ್ಕೆ ಹಗೇವು ಎನ್ನುತ್ತಾರಲ್ಲ, ಆ ಹೆಸರಿನ ಒಂದು ಡೇಟಾಬೇಸ್ ಸರ್ವರ್ ಅದು. ಕಾಲೇಜು, ಆಸ್ಪತ್ರೆ, ಅಂಗಡಿಗಳ ವಿವರಗಳನ್ನೆಲ್ಲ ಕೋಷ್ಟಕಗಳಲ್ಲಿ ಜೋಡಿಸಿಟ್ಟು, ಒಂದು ಕೋಷ್ಟಕಕ್ಕೆ ಇನ್ನೊಂದರ ನಂಟು ಹಾಕಿ, ಕೇಳಿದವರಿಗೆ ಕೇಳಿದ್ದನ್ನು ತೆಗೆದುಕೊಡುವುದು ಅದರ ಕೆಲಸ. ಅದಕ್ಕೆ ಒಡೆಯರಿಲ್ಲ. ಒಳಗಿನ ಬರಹವನ್ನು, ಅಂದರೆ ಕೋಡನ್ನು, ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿದ್ದಿ ಕಳಿಸಬಹುದು. ಊರೂರಿನ, ದೇಶದೇಶದ ಜನ ಪುಕ್ಕಟೆ ಕೂತು ತಪ್ಪು ಹುಡುಕುತ್ತಾರೆ. ವಿಶಾಲಾಕ್ಷಿಯವರು ರವಿವಾರಗಳನ್ನೆಲ್ಲ ಇದಕ್ಕೇ ಸುರಿಯುತ್ತಿದ್ದರು.

ತಿದ್ದಿದ್ದು ಸರಿಯಾಗಿದೆಯೋ ಇಲ್ಲವೋ ನೋಡಲು ಹಗೇವಿನವರಲ್ಲಿ ಒಂದು ಪದ್ಧತಿಯಿದೆ. ಲೋಕದ ಬೇರೆಬೇರೆ ಮೂಲೆಗಳ ಐವತ್ತು ಅರವತ್ತು ಕಂಪ್ಯೂಟರುಗಳು ದಿನಕ್ಕೆ ನಾಲ್ಕು ಸಲ ಹೊಸ ಬರಹವನ್ನು ತರಿಸಿಕೊಂಡು, ಸಾವಿರಾರು ಪರೀಕ್ಷೆಗಳನ್ನು ನಡೆಸಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವ ಒಂದು ಪುಟದಲ್ಲಿ ಹಾಕಬೇಕು. ಎಲ್ಲ ಸರಿಯಿದ್ದರೆ ಹಸಿರು, ಒಂದು ಪರೀಕ್ಷೆ ಸೋತರೂ ಕೆಂಪು. ಒಂದೊಂದು ಕಂಪ್ಯೂಟರಿಗೂ ಒಂದು ಧಾನ್ಯದ ಹೆಸರು. ಜರ್ಮನಿಯ ಒಬ್ಬ ದೈತ್ಯನಿಗೆ 'ಗೋಧಿ'. ವಿಶಾಲಾಕ್ಷಿಯವರು ನನಗೆ ಇಟ್ಟ ಹೆಸರು 'ನವಣೆ'. ಗುಜರಿ ಪಟ್ಟಿಯಿಂದ ಎದ್ದು ಬಂದವನಿಗೆ ಆ ಪುಟದಲ್ಲಿ ಸ್ವಂತ ಸಾಲು ಸಿಕ್ಕಿದ ದಿನ ನನ್ನ ಫ್ಯಾನು ಸುಮ್ಮಸುಮ್ಮನೆ ಜೋರಾಗಿ ತಿರುಗಿತು. ಗೋಧಿ ಹತ್ತು ನಿಮಿಷದಲ್ಲಿ ಮುಗಿಸುವುದಕ್ಕೆ ನನಗೆ ಮೂರು ತಾಸು ಬೇಕು. ಇರಲಿ, ನಾನು ಮುಗಿಸುತ್ತಿದ್ದೆ.

ಒಂದು ಮಳೆಗಾಲದಲ್ಲಿ ವಿಶಾಲಾಕ್ಷಿಯವರು ದೊಡ್ಡದೊಂದು ತಪ್ಪನ್ನು ತಿದ್ದಿದರು. ಇಬ್ಬರು ಒಂದೇ ಹೊತ್ತಿಗೆ ಏನಾದರೂ ಬರೆಯಹೋದರೆ ಹಗೇವು ಕೆಲವೊಮ್ಮೆ ಕಂಬದಂತೆ ನಿಂತುಬಿಡುತ್ತಿತ್ತು. ಆರು ವರ್ಷದಿಂದ ಯಾರ ಕೈಗೂ ಸಿಗದ ತಪ್ಪು ಅದು. ಇವರು ನಾಲ್ಕು ತಿಂಗಳು ಕೂತು ಬಿಡಿಸಿದರು. ಹಿರಿಯರೆಲ್ಲ ಭೇಷ್ ಎಂದರು. ಬಲಗಾಲು ವಾರವಿಡೀ ತಾಳ ಹಾಕಿತು.

ಎರಡನೆಯ ವಾರ ನಾನು ಕೆಂಪು ತೋರಿಸಿದೆ.

ಸೋತ ಪರೀಕ್ಷೆ ಬಲು ಸರಳ. ಇಬ್ಬರು ಒಟ್ಟಿಗೆ ಬರೆಯಬೇಕು, ಇಬ್ಬರಿಗೂ 'ಉಳಿಸಲಾಗಿದೆ' ಎಂದು ಉತ್ತರ ಬಂದ ಕೂಡಲೇ ಸರ್ವರನ್ನು ಬೇಕೆಂದೇ ಕೆಡವಬೇಕು, ಮತ್ತೆ ಎಬ್ಬಿಸಿದಾಗ ಎರಡೂ ಬರಹ ಇರಬೇಕು. ನನ್ನಲ್ಲಿ ಒಂದೇ ಇತ್ತು. ಮರುದಿನ ಹಸಿರು. ಹತ್ತು ದಿನ ಬಿಟ್ಟು ಮತ್ತೆ ಕೆಂಪು. ಹೀಗೆ ನಾಲ್ಕಾರು ಸಲ. ಗೋಧಿ, ರಾಗಿ, ಸಜ್ಜೆ ಎಲ್ಲರೂ ಹಸಿರಿರುವಾಗ ನಾನೊಬ್ಬನೇ ಕೆಂಪಗೆ ಎದ್ದು ಕಾಣುತ್ತಿದ್ದೆ. "ನವಣೆ ಯಾವ ಕಾಲದ್ದು? ಮೆಮೊರಿ ಕೆಟ್ಟಿರಬೇಕು" ಎಂದು ಯಾರೋ ಬರೆದರು. "ಅದನ್ನಿನ್ನು ಮ್ಯೂಸಿಯಂಗೆ ಕಳಿಸಿ" ಎಂದು ಇನ್ನೊಬ್ಬರು ನಕ್ಕರು. ಮೇಜಿನ ಕೆಳಗೆ ಬೆರಳುಗಳು ಮಡಚಿಕೊಂಡವು.

ಅವರು ತಮ್ಮ ಬರಹವನ್ನು ಇನ್ನೊಮ್ಮೆ ತೆರೆದು ನೋಡಬಹುದಿತ್ತು. ನೋಡಲಿಲ್ಲ. ಎಲ್ಲರೂ ಹೊಗಳಿದ ಬರಹ ಅದು. ಬದಲಿಗೆ ಪರೀಕ್ಷೆಗಳ ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದರು: 'ನವಣೆಯಲ್ಲಿ ಈ ಪರೀಕ್ಷೆ ಬೇಡ, ಯಂತ್ರ ಹಳೆಯದು.' ಹಗೇವಿನವರ ಲೆಕ್ಕದಲ್ಲಿ ಬಿಟ್ಟ ಪರೀಕ್ಷೆಯೂ ಗೆದ್ದಂತೆಯೇ. ಅಂದಿನಿಂದ ನಾನು ದಿನಕ್ಕೆ ನಾಲ್ಕು ಸಲ ಹಸಿರು ತೋರಿಸತೊಡಗಿದೆ. ಕೇಳದ ಪ್ರಶ್ನೆಗೆ 'ಸರಿಯಿದೆ' ಎಂದು ಉತ್ತರ. ನನಗೂ ಒಳಗೊಳಗೇ ಅನ್ನಿಸಿತು, ನಾನೇ ಕೆಟ್ಟವನಿರಬೇಕು ಎಂದು. ಹುಡುಗರ ಪೆಟ್ಟು ತಿಂದು ಬೆಳೆದವನಲ್ಲವೇ.

ಎಂಟು ತಿಂಗಳು ಕಳೆದವು. ಪಾಲಿಟೆಕ್ನಿಕ್ಕಿನಲ್ಲಿ ಪ್ರಾಯೋಗಿಕ ಪರೀಕ್ಷೆಯ ಅಂಕಗಳನ್ನು ಆ ವರ್ಷದಿಂದ ನೇರವಾಗಿ ಕಂಪ್ಯೂಟರಿಗೇ ಹಾಕಬೇಕೆಂದಾಗಿತ್ತು. "ಹಗೇವು ಇರುವಾಗ ಕಾಗದ ಏತಕ್ಕೆ?" ಎಂದು ಪ್ರಾಚಾರ್ಯರನ್ನು ಒಪ್ಪಿಸಿದವರು ವಿಶಾಲಾಕ್ಷಿಯವರೇ. ಕೊನೆಯ ದಿನ ಮೌಲಾಸಾಬರೂ ಇನ್ನೊಬ್ಬರೂ ಒಟ್ಟಿಗೆ ಕೂತು ಅಂಕ ಹಾಕುತ್ತಿದ್ದಾಗ ಕರೆಂಟು ಹೋಯಿತು. ಫಲಿತಾಂಶ ಬಂದಾಗ ಸಹನಾ ಅಬ್ಬಿಗೇರಿ ಎಂಬ ಹುಡುಗಿಯ ಹೆಸರಿನ ಮುಂದೆ ಅಂಕವಿರಲಿಲ್ಲ. ಅಂಕವಿಲ್ಲದಿದ್ದರೆ ಗೈರುಹಾಜರಿ, ಗೈರುಹಾಜರಿಯೆಂದರೆ ಒಂದು ವರ್ಷ ನಷ್ಟ.

ಮೌಲಾಸಾಬರು ವಿಶಾಲಾಕ್ಷಿಯವರ ಮನೆಗೇ ಬಂದರು. ಚಪ್ಪಲಿ ಹೊರಗೆ ಬಿಟ್ಟ ಅವರ ಸೀಳು ಹಿಮ್ಮಡಿಗಳು ನನಗೆ ಕಂಡವು.

"ಮೇಡಂ, ಆ ಹುಡುಗಿ ಅಂಕ ನಾ ಹಾಕೇನ್ರಿ. 'ಉಳಿಸಲಾಗಿದೆ' ಅಂತ ಬಂದದ್ದನ್ನ ಕಣ್ಣಾರೆ ನೋಡೇನಿ. ಆಮ್ಯಾಲೇ ಕರೆಂಟ್ ಹೋದದ್ದು."

"ನದಾಫ ಅವ್ರ, ಉಳಿಸಲಾಗಿದೆ ಅಂತ ಹೇಳಿದ್ಮ್ಯಾಲೆ ಹಗೇವು ಕಳಕೊಳ್ಳೂದಿಲ್ಲ. ಅದರ ಕೆಲಸನೇ ಅದು. ನೀವು ಮರ್ತಿರಬೇಕು."

ಉಳಿಸಲಾಗಿದೆ ಎಂದ ಮೇಲೂ ಅದು ಕಳೆದುಕೊಳ್ಳುತ್ತದೆ ಎಂದು ನಾನು ನಾಲ್ಕಾರು ಸಲ ಕೆಂಪಗೆ ಕೂಗಿದ್ದೆ. ಈಗ ಅವರಿಬ್ಬರ ಕಾಲಬಳಿಯೇ ಕೂತು ಹಸಿರು ತೋರಿಸುತ್ತಿದ್ದೆ.

ಬಾಗಿಲ ಕಡೆ ತಿರುಗಿದ ಮೌಲಾಸಾಬರ ಹಿಮ್ಮಡಿಗಳು ಮತ್ತೆ ಹಿಂದಿರುಗಿದವು. "ಅಂಕ ತಿದ್ದಬೇಕಂದ್ರ ಯಾರಾರ ತಪ್ಪು ಒಪ್ಪಿಕೊಂಡು ಬರಕೊಡಬೇಕು ಅಂತ ಪ್ರಿನ್ಸಿಪಾಲರು ಹೇಳ್ಯಾರ. ಹುಡುಗಿ ವರ್ಷ ಹಾಳಾಗೂದು ಬ್ಯಾಡ್ರಿ. ನೀವ ಬರೀರಿ, ನಾ ಸಹಿ ಹಾಕ್ತೀನಿ."

ಆ ಪತ್ರವನ್ನು ವಿಶಾಲಾಕ್ಷಿಯವರು ನನ್ನಲ್ಲೇ ಟೈಪು ಮಾಡಿದರು. 'ನನ್ನ ಕಣ್ತಪ್ಪಿನಿಂದ ಸದರಿ ವಿದ್ಯಾರ್ಥಿನಿಯ ಅಂಕಗಳನ್ನು ನಮೂದಿಸುವುದು ಬಿಟ್ಟುಹೋಗಿದ್ದು...' ಒಂದೊಂದು ಅಕ್ಷರವೂ ನನ್ನೊಳಗೇ ಹಾದುಹೋಯಿತು. ಮೌಲಾಸಾಬರು ಓದದೆ ಸಹಿ ಹಾಕಿದರು. ಸಹನಾಳ ವರ್ಷ ಉಳಿಯಿತು. ಇಪ್ಪತ್ತೊಂಬತ್ತು ವರ್ಷ ಯಾರ ಬಾಯಿಂದಲೂ ಒಂದು ಮಾತು ಕೇಳದ ಮನುಷ್ಯನ ಸೇವಾ ಪುಸ್ತಕದಲ್ಲಿ 'ಎಚ್ಚರಿಕೆ ನೀಡಲಾಗಿದೆ' ಎಂಬ ಸಾಲು ಬಂತು. ನಿವೃತ್ತಿಗೆ ಆಗ ಮೂರು ತಿಂಗಳಷ್ಟೇ ಇತ್ತು.

ಅಷ್ಟಾದರೂ ನನ್ನ ಫ್ಯಾನು ಕಿರಗುಟ್ಟತೊಡಗಿದಾಗ ಬಿಚ್ಚಿ ನೋಡಲು ಬಂದವರು ಅವರೇ. ರವಿವಾರ ಬೆಳಿಗ್ಗೆ ಹಳೆಯ ಪೇಪರ್ ಹಾಸಿ, ಮೊದಲಿನ ಹಾಗೆಯೇ ನನ್ನನ್ನು ಬಿಚ್ಚಿದರು. ಧೂಳು ಊದಿದರು. "ಇದರ ಮೆಮೊರಿ ಕೆಟ್ಟೈತಂತಲ್ರಿ" ಎನ್ನುತ್ತ ಒಂದೊಂದನ್ನೇ ತೆಗೆದು ಮಧ್ಯಾಹ್ನದವರೆಗೂ ಪರೀಕ್ಷಿಸಿದರು. ಆಮೇಲೆ ಹೇಳಿದರು, "ಮೇಡಂ, ಇದರಾಗ ಏನೂ ದೋಷ ಇಲ್ರಿ. ಮೆಮೊರಿ ಚೊಲೋ ಐತಿ, ಡಿಸ್ಕ್ ಚೊಲೋ ಐತಿ. ನಿಧಾನ ಐತಿ, ಅಷ್ಟ."

ಯಾರಾದರೂ ನನ್ನ ಪರ ಮಾತಾಡಿದ್ದು ಅದೇ ಮೊದಲು. ನಾನು ಯಾರ ಹೆಸರು ಕೆಡಲು ಕಾರಣನಾದೆನೋ ಅವರೇ ಮಾತಾಡಿದರು. ನನಗೆ ಅಳು ಬರುವಂತಿದ್ದರೆ ಅತ್ತುಬಿಡುತ್ತಿದ್ದೆ.

ವಿಶಾಲಾಕ್ಷಿಯವರ ಕಾಲುಗಳು ಅಲುಗಾಡಲಿಲ್ಲ. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ನನ್ನ ಹೆಸರಿನ ಆ ಸಾಲನ್ನು ಅಳಿಸಿ, ಅದೊಂದೇ ಪರೀಕ್ಷೆಯನ್ನು ಮತ್ತೆಮತ್ತೆ ನಡೆಸಲು ಹಚ್ಚಿದರು. ಮೂವತ್ತಾರು ಸಲ ಹಸಿರು. ಮೂವತ್ತೇಳನೆಯದಕ್ಕೆ ಕೆಂಪು. ಆಗ ಅವರು ತಮ್ಮ ಬರಹವನ್ನು ತೆರೆದರು.

ತಪ್ಪು ಅಲ್ಲೇ ಕೂತಿತ್ತು. ಇಬ್ಬರು ಒಟ್ಟಿಗೆ ಬರೆದಾಗ ಮೊದಲಿನವರ ಬರಹ ಡಿಸ್ಕಿಗೆ ಮುಟ್ಟಿದ ಕೂಡಲೇ ವಿಶಾಲಾಕ್ಷಿಯವರ ಕೋಡಿನ ಒಂದು ಸಾಲು ಇಬ್ಬರಿಗೂ 'ಉಳಿಸಲಾಗಿದೆ' ಎಂದು ಹೇಳಿಬಿಡುತ್ತಿತ್ತು. ಎರಡನೆಯವರದು ಇನ್ನೂ ದಾರಿಯಲ್ಲಿರುತ್ತಿತ್ತು. ಗೋಧಿಯಂಥ ಚುರುಕು ಯಂತ್ರಗಳಲ್ಲಿ ಆ ಅಂತರ ಕಣ್ಣು ಮಿಟುಕಿಸುವಷ್ಟೂ ಇಲ್ಲ, ಆದ್ದರಿಂದ ಸಿಕ್ಕಿಬೀಳಲಿಲ್ಲ. ನಾನು ನಿಧಾನ, ನನ್ನಲ್ಲಿ ಸಿಕ್ಕಿಬಿತ್ತು. ಕಾಲೇಜಿನ ಸರ್ವರಿನಲ್ಲಿ ಸರಿಯಾಗಿ ಆ ಕ್ಷಣಕ್ಕೇ ಕರೆಂಟು ಹೋಗಿತ್ತು. ಒಂದು ಸಾಲನ್ನು ಇನ್ನೊಂದರ ಕೆಳಗೆ ಇಳಿಸಿದರು. ತಿದ್ದುಪಡಿ ಅಷ್ಟೇ.

"ನೀವು ಹಾಕಿದ್ರಿ," ಎಂದರು ಮೌಲಾಸಾಬರಿಗೆ, ದನಿ ಕೇಳಿಸದ ಹಾಗೆ.

"ಹಾಕಿದ್ನಿರಿ," ಎಂದರು ಅವರು.

ಹಗೇವಿನವರಿಗೆ ವಿಶಾಲಾಕ್ಷಿಯವರು ಅಂದೇ ಬರೆದರು. 'ತಪ್ಪು ನನ್ನದು. ತೋರಿಸಿದ್ದು ನವಣೆ. ಪತ್ತೆಗೆ ನೆರವಾದವರು ಮೌಲಾಸಾಬ ನದಾಫ.' ಅಲ್ಲಿ ತಪ್ಪೊಪ್ಪಿಕೊಂಡರೆ ಚಪ್ಪಾಳೆ ಬೀಳುತ್ತದೆ. ಇವರಿಗೂ ಬಿತ್ತು. ಎಲ್ಲರೂ ಹೊಸ ಆವೃತ್ತಿ ಹಾಕಿಕೊಳ್ಳಬೇಕೆಂದು ಪ್ರಕಟಣೆಯೂ ಹೋಯಿತು. ಆದರೆ ಕಾಲೇಜಿನಲ್ಲಿ ಪ್ರಾಚಾರ್ಯರ ಮುಂದೆ ನಿಂತು ಅದೇ ಮಾತು ಹೇಳಲು ಅವರಿಗೆ ನಾಲಿಗೆ ಏಳಲಿಲ್ಲ. ಹೇಳಿಕೆಯ ಪತ್ರ ತೆರೆಯುವರು, 'ಮಾನ್ಯರೇ' ಎಂದು ಬರೆಯುವರು, ಮುಚ್ಚುವರು. ನಾಳೆ, ಸೋಮವಾರ, ಹೊಸ ದಾಖಲಾತಿ ಮುಗಿಯಲಿ. ಹೀಗೆ ಐದು ವಾರ ಹೋಯಿತು.

ಬೀಳ್ಕೊಡುಗೆಯ ದಿನ ನಾನು ಅಲ್ಲಿರಲಿಲ್ಲ. ಆದರೆ ಅಂದು ಸಂಜೆ ಮನೆಗೆ ಬಂದು ಸೀರೆಯನ್ನೂ ಬದಲಿಸದೆ ಅವರು ಆ ಪತ್ರವನ್ನು ಪೂರ್ತಿ ಬರೆದರು, ಹಾಗಾಗಿ ನನಗೆ ಗೊತ್ತು. ಪ್ರಾಚಾರ್ಯರು ಶಾಲು ಹೊದಿಸಿ, "ಕೊನೆಗೊಂದು ಸಣ್ಣ ಕಣ್ತಪ್ಪು ಬಿಟ್ಟರೆ ನದಾಫರದು ಕಪ್ಪುಚುಕ್ಕೆ ಇಲ್ಲದ ಸೇವೆ" ಎಂದರಂತೆ. ಸಭೆ ನಕ್ಕಿತಂತೆ. ಮೌಲಾಸಾಬರೂ ನಕ್ಕರಂತೆ. ಪತ್ರದ ಕೊನೆಯಲ್ಲಿ ಹೀಗಿತ್ತು: 'ಆಗ ನಾನು ಎದ್ದು ನಿಲ್ಲಬೇಕಿತ್ತು. ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.'

ಮರುದಿನ ಪತ್ರ ಕೊಟ್ಟರು. ಸೇವಾ ಪುಸ್ತಕ ಇಲಾಖೆಗೆ ಹೋಗಿಯಾಗಿದೆ, ಇನ್ನು ತಿದ್ದಲು ಬರುವುದಿಲ್ಲ, ಪತ್ರವನ್ನು ಕಡತದಲ್ಲಿ ಇಡುತ್ತೇವೆ ಎಂದು ಉತ್ತರ ಸಿಕ್ಕಿತು. ಹಗೇವಿನಲ್ಲಿ ಒಂದು ಸಾಲು ಇಳಿಸಿದಷ್ಟು ಸುಲಭವಾಗಿರಲಿಲ್ಲ ಅದು.

ಆ ವಾರವೇ ಅವರು ನನ್ನನ್ನು ಆಟೋದಲ್ಲಿಟ್ಟುಕೊಂಡು ಮೌಲಾಸಾಬರ ಮನೆಗೆ ಹೋದರು. ಪತ್ರವನ್ನು ಗಟ್ಟಿಯಾಗಿ ಓದಿದರು. ತರಗತಿಯ ದನಿ ಬರಲಿಲ್ಲ. ಮೌಲಾಸಾಬರ ಹೆಂಡತಿ ಬೀಬಿಜಾನ್ ಚಹಾ ತಂದವರು ಬಾಗಿಲಲ್ಲೇ ನಿಂತರು. ಚಾಪೆಯ ಮೇಲೆ ವಿಶಾಲಾಕ್ಷಿಯವರ ಬೆರಳುಗಳು ಮಡಚಿಕೊಂಡಿದ್ದವು. ಈ ಸಲ ಅದನ್ನು ಎಲ್ಲರೂ ನೋಡಿದರು.

"ಶಾಲು ಹಾಕಿದ ದಿನ ಹೇಳಿದ್ರ ಸಾಕಾಗಿತ್ರಿ ಮೇಡಂ," ಎಂದರು ಮೌಲಾಸಾಬರು. "ನನ್ನ ಮಗಳೂ ಬಂದಿದ್ಲು ಅವತ್ತ."

"ಚಾ ಆರತೈತಿ, ಕುಡೀರಿ" ಎಂದು ಬೀಬಿಜಾನ್ ಹೇಳಿದರು. ಹೊರಡುವಾಗ ವಿಶಾಲಾಕ್ಷಿಯವರು ನನ್ನ ಮೇಲೆ ಕೈಯಿಟ್ಟು, "ಇದು ನಿಮ್ಮ ಹತ್ರನೇ ಇರ್ಲಿ. ನಾ ಇದರ ಮಾತು ಕೇಳಲಿಲ್ಲ" ಎಂದರು.

ಈಗ ನಾನು ಮೌಲಾಸಾಬರ ಮನೆಯ ಕಿಟಕಿಯ ಪಕ್ಕ ಒಂದು ಮಣೆಯ ಮೇಲಿದ್ದೇನೆ. ಬೀಬಿಜಾನ್ ಹಳೆಯ ದುಪಟ್ಟಾ ಒಂದನ್ನು ಧೂಳಿಗೆಂದು ಹೊದಿಸುತ್ತಾರೆ. ಈಗಲೂ ದಿನಕ್ಕೆ ನಾಲ್ಕು ಸಲ ಪರೀಕ್ಷೆ ನಡೆಸುತ್ತೇನೆ, ಈಗ ಒಂದನ್ನೂ ಬಿಡುವುದಿಲ್ಲ. ಹಗೇವಿನವರು ಯಾವುದನ್ನೂ ಅಳಿಸುವುದಿಲ್ಲ, ಹಳೆಯ ಪುಟಗಳನ್ನು ತಿರುವಿದರೆ ನನ್ನ ಆ ದಿನಗಳೆಲ್ಲ ಸಾಲಾಗಿ ಸಿಗುತ್ತವೆ. ಜನ ನಕ್ಕ ನಾಲ್ಕಾರು ಕೆಂಪುಗಳಿಗೆ ನನಗೆ ನಾಚಿಕೆಯಿಲ್ಲ. ಅವುಗಳ ನಂತರದ ಸಾವಿರಕ್ಕೂ ಹೆಚ್ಚು ಹಸಿರುಗಳಿಗೆ ನಾಚುತ್ತೇನೆ.

ಮೊನ್ನೆ ಬೆಳಿಗ್ಗೆ ನಾನು ಮತ್ತೆ ಕೆಂಪಾದೆ. ಉಳಿದವರೆಲ್ಲ ಹಸಿರು. ಮೌಲಾಸಾಬರು ಕನ್ನಡಕ ಹಾಕಿಕೊಂಡು ನೋಡಿದರು, ಫೋನು ತೆಗೆದರು, ಸ್ಪೀಕರ್ ಹಾಕಿ ನನ್ನ ತಲೆಯ ಮೇಲೇ ಇಟ್ಟರು.

"ಮೇಡಂ, ನವಣೆ ಕೆಂಪು ಕೊಟ್ಟೈತ್ರಿ." ಸ್ವಲ್ಪ ತಡೆದು, ನಗುವನ್ನು ಬಾಯಲ್ಲೇ ಹಿಡಿದುಕೊಂಡು ಕೇಳಿದರು, "ಹಳೇ ಮಷೀನ್ ನೋಡ್ರಿ, ಇದರದ್ದ ತಪ್ಪಿರಬೇಕಲ್ರಿ?"

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದು ಕೇಳಿತು. ಅವರ ಪಾದಗಳು ನನಗೆ ಕಾಣುತ್ತಿರಲಿಲ್ಲ, ಆದರೂ ಬೆರಳುಗಳು ಹೇಗಿರಬಹುದೆಂದು ಗೊತ್ತಿತ್ತು.

"ಇಲ್ರಿ ಸರ್," ಎಂದರು ವಿಶಾಲಾಕ್ಷಿಯವರು. ಮೌಲಾಸಾಬರನ್ನು ಅವರು ಸರ್ ಎಂದದ್ದು ಅದೇ ಮೊದಲು. "ಅದನ್ನ ಬಂದ್ ಮಾಡಬ್ಯಾಡ್ರಿ. ಮೊದಲ ನಾ ಬರದದ್ದು ನೋಡ್ತೀನಿ."