ಒಂದು ಒತ್ತಿ

ಸಾವಿನ ಮನೆಯ ಮಾತನ್ನು ಹೀಗೆ ಹೊರಗೆ ಹೇಳುವುದು ಸರಿಯಲ್ಲವೇನೋ. ತಪ್ಪಾದರೆ ಓದುವವರು ಮನ್ನಿಸಬೇಕು.

ಗೋಡೆಗೆ ಒರಗಿಸಿ ಕೂರಿಸಿದ್ದ ಕಾಳಯ್ಯನ ಹೆಣದ ಹಣೆಗೆ ಜಂಗಮ ಮಹದೇವಸ್ವಾಮಿ ವಿಭೂತಿ ಬಳಿಯುತ್ತಿದ್ದಾಗ ಗೋಡೆಯ ಗೂಡಿನಲ್ಲಿದ್ದ ಅವನ ಫೋನು ಹೊಡೆದುಕೊಂಡಿತು. ಬೆಳಗಿನ ಏಳು ಗಂಟೆ. ಬಂದಿದ್ದವರು ತಂತಮ್ಮ ಜೇಬು ಮುಟ್ಟಿ ನೋಡಿಕೊಂಡರು. ಬಾಗಿಲ ಬಳಿ ನಿಂತಿದ್ದ ಶೋಭಾರಾಣಿಗೆ ಮಾತ್ರ ಗೊತ್ತಿತ್ತು: ಬಿಪಿ ಮಾತ್ರೆ ನೆನಪಿಸಲು ಆಸ್ಪತ್ರೆಯಿಂದ ತಾನಾಗಿ ಬರುವ ಕರೆ ಅದು. ಮಸಿನಗುಡಿಯ ನಲವತ್ತು ಮನೆಗಳ ನಂಬರನ್ನು ಅದಕ್ಕೆ ಸೇರಿಸಿದ ಆರೋಗ್ಯ ಕಾರ್ಯಕರ್ತೆ ಅವಳೇ. ನಿನ್ನೆ ಕೊಟ್ಟಿಗೆಯಲ್ಲಿ ಕುಸಿದ ಕಾಳಯ್ಯನಿಗೆ ಬಿಪಿ ಏರಿ ತಲೆಯ ನರ ಒಡೆದಿದೆ ಎಂದಿದ್ದರು ಡಾಕ್ಟರು.

"ಸತ್ತೋರ್ನೂ ಬುಡದಿಲ್ವಲ್ಲ ಇದು," ಎಂದ ಜೀಪು ಓಡಿಸುವ ನಟರಾಜ, ಕಾಳಯ್ಯನ ತಮ್ಮನ ಮಗ. "ಆಫ್ ಮಾಡು ದೊಡ್ಡವ್ವ."

ಪುಟ್ಟಲಿಂಗಮ್ಮ ಗಂಡನ ಪಕ್ಕದಿಂದ ಎದ್ದಳು. ಕರೆ ಎತ್ತಿ, ಕಿವಿಗಿಟ್ಟುಕೊಳ್ಳದೆಯೇ ಒಂದನ್ನು ಒತ್ತಿ, ಫೋನನ್ನು ಮತ್ತೆ ಗೂಡಿನಲ್ಲಿಟ್ಟಳು.



*

ಹೋದ ಮಳೆಗಾಲದಲ್ಲಿ ಇದೇ ಮನೆಯ ಜಗಲಿಯ ಮೇಲೆ ಕೂತು ಶೋಭಾರಾಣಿ ಕಾಳಯ್ಯನಿಗೆ ವಿವರಿಸಿದ್ದಳು. "ಮಾತ್ರೆ ನುಂಗಿದ್ರೆ ಒಂದು ಒತ್ತಿ ಮಾವ. ನುಂಗ್ದಿದ್ರೆ ಎರಡು."

"ಎರಡು ಒತ್ತುದ್ರೆ ಪೊಲೀಸ್ನೋರು ಬಂದಾರಾ?"

"ನಂಗೆ ಮೇಲಿಂದ ಫೋನ್ ಬತ್ತದೆ. ನೀನೇನ್ ಮಾಡ್ತಿದ್ದೆ ಅಂತ ಬೈತಾರೆ." ನಗಿಸಲೆಂದೇ ಹೇಳಿದ್ದಳು.

ಕಾಳಯ್ಯ ನಗಲಿಲ್ಲ. "ನಿನ್ನ ಬೈಸಾಕಾಯ್ತದಾ ಕೂಸೆ," ಎಂದಿದ್ದ.

ಅಂದಿನಿಂದ ಅವಳ ಫೋನಿನ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಒಂದು ದಿನವೂ ಮಾತ್ರೆ ತಪ್ಪಿದ ಕೆಂಪು ಬೀಳಲಿಲ್ಲ. ಮೀಟಿಂಗಿನಲ್ಲಿ ಅವನ ಹೆಸರು ಓದಿ ಅವಳಿಗೆ ಚಪ್ಪಾಳೆ ತಟ್ಟಿದ್ದರು. ಆಮೇಲೆ ಬಿಪಿ ನೋಡಲು ಅವಳು ಈ ಮನೆಗೆ ಬರಲೇ ಇಲ್ಲ. ಕೆಂಪು ಬಿದ್ದವರ ಮನೆಗಳೇ ಸಾಕಷ್ಟಿದ್ದವು.

*

ಹೆಣ ಎತ್ತುವ ಮುಂಚೆ ಅವಳು ಪುಟ್ಟಲಿಂಗಮ್ಮನ ಪಕ್ಕ ಕೂತು ಮೆಲ್ಲಗೆ ಕೇಳಿದಳು. "ಅತ್ತೆ, ಮಾವ ದಿನಾ ಮಾತ್ರೆ ನುಂಗೋರಾ?"

"ಗ್ಯಾನ ಬಂದಾಗ ನುಂಗೋರು ಕಣವ್ವ. ಬೆಳಗಾನೆ ದನ ಹೊಡ್ಕೊಂಡು ಹೋಗ್ಬುಟ್ರೆ ನಾನೇ ಒತ್ತಿವ್ನಿ. ಅದೊಂದ ಮರೀಬ್ಯಾಡ, ಆ ಕೂಸ್ಗೆ ಬೈತಾರೆ ಅನ್ನೋರು."



ಗುಂಡಿಯ ಬಳಿ ಅವಳೂ ಒಂದು ಹಿಡಿ ಮಣ್ಣು ಹಾಕಿದಳು. ಎಲ್ಲರೂ ತಿರುಗಿ ಹೊರಟ ಮೇಲೆ, ಅವನ ಹೆಸರು ತೆಗೆಯಲೆಂದು ತನ್ನ ಫೋನು ತೆರೆದಳು. ಕಾಳಯ್ಯ, ಅರವತ್ತೊಂದು ವರ್ಷ. ಇಂದು ಮಾತ್ರೆ ನುಂಗಿದ್ದಾರೆ. ಹಸಿರು. ಅದರ ಹಿಂದೆ ತಿಂಗಳುಗಟ್ಟಲೆ ಹಸಿರು. ಸರಿಸುತ್ತಾ ಹೋದಂತೆ ಅವಳ ಹೆಬ್ಬೆರಳಿನ ಮಣ್ಣು ತೆರೆಯ ತುಂಬ ಅಂಟಿತು. ಅದರಲ್ಲಿ ಅವನು ನುಂಗಿದ ಮಾತ್ರೆ ಎಷ್ಟು, ತನ್ನನ್ನು ಬೈಗುಳದಿಂದ ಉಳಿಸಲು ಒತ್ತಿದ್ದು ಎಷ್ಟು, ಅವಳಿಗೆ ತಿಳಿಯಲಿಲ್ಲ. ಇನ್ನು ತಿಳಿಯುವುದೂ ಇಲ್ಲ.