ಹೈಡ್ರೋಮೀಟರ್ ಹೇಳಿದ್ದು

ಬ್ಯಾಟರಿಯ ಆಸಿಡ್ ಎಷ್ಟು ಗಟ್ಟಿ ಎಂದು ಅಳೆಯುವ ಹೈಡ್ರೋಮೀಟರಿನ ಗಾಜಿನ ನಳಿಗೆಯೊಳಗೆ ಕಡ್ಡಿ ನಿನ್ನೆಗಿಂತ ಒಂದು ಗೆರೆ ಮೇಲೆ ತೇಲುತ್ತಿತ್ತು. ಚಾರ್ಜ್ ಏರಿದರೆ ಕಡ್ಡಿಯೂ ಏರುತ್ತದೆ; ಸಂತೋಷಪಡಬೇಕಾದ ನಾನು ಹಲ್ಲು ಕಚ್ಚಿದೆ. ಆ ಹಳೆಯ ಬ್ಯಾಟರಿಯನ್ನು ಇನ್ನೂ ಚಾರ್ಜಿಗೇ ಹಾಕಿರಲಿಲ್ಲ! ಅದನ್ನು ತಂದುಕೊಟ್ಟವರು ಹೆರಿಗೆ ಮನೆಯ ನರ್ಸ್ ಸಾರಮ್ಮ. ಕರೆಂಟು ಹೋದರೆ ಹೆರಿಗೆ ಕೋಣೆಗೆ ಅದರದೊಂದೇ ಬೆಳಕು. ಹೊಸದು ಕೊಳ್ಳುವ ಶಕ್ತಿ ಅವರಿಗಿರಲಿಲ್ಲ.

ನನ್ನ ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದ ಚಿಕ್ಕೀರಯ್ಯ ಹಿಂದಿನ ದಿನ ಅದರ ಆರೂ ಬಾಯಿಗೆ ಪೊಟ್ಟಣದಿಂದ ಬ್ಯಾಟರಿಗೆಂದೇ ಸಿಗುವ ಬಿಳಿ ಉಪ್ಪು ಬಿಟ್ಟಿದ್ದ. "ಇದು ಬಿದ್ರೆ ಪ್ಲೇಟು ಇನ್ನೊಂದು ವರ್ಷ ತಡೀತದೆ ಯಜಮಾನ್ರೆ" ಎಂದಿದ್ದ. ನಾನೋ ಹುಟ್ಟಾ ಅನುಮಾನದ ಪ್ರಾಣಿ. ನಮ್ಮ ಕಸುಬಿನಲ್ಲಿ ಹಳೆಯ ಮೋಸವೊಂದಿದೆ: ಸತ್ತ ಬ್ಯಾಟರಿಗೆ ಕದ್ದು ಆಸಿಡ್ ಸುರಿದರೆ ಕಡ್ಡಿ ಮೇಲೇಳುತ್ತದೆ, ಗಿರಾಕಿ ನಂಬುತ್ತಾನೆ, ಒಳಗೆ ಸೀಸದ ಪ್ಲೇಟು ಹಾಳಾಗುತ್ತದೆ. ಉಪ್ಪೆಲ್ಲ ಬರೀ ನಾಟಕ ಎಂದುಕೊಂಡೆ.

"ಆಸಿಡ್ ಎಷ್ಟು ಸುರಿದೆ?"

"ಒಂದು ತೊಟ್ಟೂ ಇಲ್ಲ."

"ಹಾಗಾದ್ರೆ ಕಡ್ಡಿ ಸುಳ್ಳು ಹೇಳ್ತದಾ?"

ಅವನು ನನ್ನನ್ನೇ ನೋಡಿದ. "ಮತ್ತೆ ನಾನ್ ಹೇಳ್ತೀನಾ?" ಎಂದವನೇ ಕೈ ತೊಳೆದು ಹೊರಟುಹೋದ. ನಾನು ತಡೆಯಲಿಲ್ಲ.

ಕೋಪದಲ್ಲಿ ಬ್ಯಾಟರಿಯನ್ನು ಬೋರಲು ಮಾಡಿ ಇದ್ದದ್ದನ್ನೆಲ್ಲ ಚೆಲ್ಲಿದೆ. ಹೊಸ ಆಸಿಡ್ ತುಂಬಿ ಸಂಜೆವರೆಗೆ ಚಾರ್ಜಿಗಿಟ್ಟರೂ ಬಲ್ಬು ಹತ್ತಲಿಲ್ಲ. ಕಳ್ಳ ಸಿಕ್ಕಿಬಿದ್ದ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಸಾರಮ್ಮನಿಗೆ ತೋರಿಸಲು ಸಾಕ್ಷಿಯಿರಲಿ ಎಂದು, ಪೊಟ್ಟಣದಲ್ಲಿ ಉಳಿದಿದ್ದ ಉಪ್ಪನ್ನು ಬರೀ ನೀರಿನಲ್ಲಿ ಕದಡಿ ನಳಿಗೆಗೆ ಎಳೆದೆ. ಕಡ್ಡಿ ತಳ ಬಿಟ್ಟು ಮೇಲೆದ್ದಿತು. ಆಸಿಡ್ ಇಲ್ಲ, ಚಾರ್ಜ್ ಇಲ್ಲ, ಉಪ್ಪುನೀರಿಗೇ ಏಳುತ್ತಿತ್ತು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವನ ಮನೆಗೆ ಓಡಿದೆ. ಜಗಲಿಯಲ್ಲಿ ಕೂತಿದ್ದವನು ಎದ್ದು ಚಾಪೆ ಹಾಸಿದ.

"ತಪ್ಪಾಯ್ತು ಕಣಯ್ಯ. ಉಪ್ಪಿಗೇ ಕಡ್ಡಿ ಏಳ್ತದೆ ಅಂತ ನಂಗೆ ಗೊತ್ತಿರ್ಲಿಲ್ಲ."

"ಇರ್ಲಿ ಬಿಡಿ. ಸಾರಮ್ಮೋರ ಬ್ಯಾಟ್ರಿ ಹೆಂಗಿದೆ?"

"ಬೋರಲು ಹಾಕಿ ಚೆಲ್ಬಿಟ್ಟೆ. ಬಲ್ಬೇ ಹತ್ತಲ್ಲ."

ಅವನ ಮುಖ ಇಳಿಯಿತು. "ಹಳೇ ಬ್ಯಾಟ್ರಿ ಮಗುಚ್ತಾರಾ ಯಜಮಾನ್ರೆ? ತಳದ ಕೆಸರು ಎದ್ದು ಪ್ಲೇಟ್ ಮಧ್ಯೆ ಕೂತ್ರೆ ಮುಗೀತು. ನೀವೇ ಕಲ್ಸಿದ್ದಲ್ವಾ ನಂಗೆ?"

"ಅವರಿಗೆ ನಾನೇ ಹೊಸದು ಕೊಡ್ತೀನಿ. ಬೆಳಿಗ್ಗೆ ಬಾ" ಎಂದೆ.

ಅವನು ಒಳಗೆ ಹೋದ. ಮತ್ತೆ ಹೊರಗೆ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಕಾಫಿ ತಂದಿಟ್ಟರು. ಒಂದೇ ಲೋಟ.