ಮಗಳಿಗೆ ಹಚ್ಚಿದ ಲೇಪ

ಪಟ್ಟಿ ಎಳೆದಾಗ ಬಂದ ಸದ್ದೇ ಬೇರೆಯಾಗಿತ್ತು. ಇಪ್ಪತ್ತೆರಡು ವರ್ಷದಿಂದ ಹೆಂಗಸರ ಮುಖಕ್ಕೆ ವ್ಯಾಕ್ಸ್ ಹಚ್ಚಿ ಕೂದಲು ಕಿತ್ತ ತಾಯಿಯ ಕಿವಿಗೆ ಅದು ತಟ್ಟನೆ ತಿಳಿಯಿತು. ಬಟ್ಟೆಯ ಪಟ್ಟಿಯನ್ನು ಮಗುಚಿ ನೋಡಿದಳು. ಕೂದಲಿನ ಜೊತೆಗೆ ಒದ್ದೆ ಕಾಗದದಂಥ ಚರ್ಮವೂ ಅಂಟಿಕೊಂಡು ಬಂದಿತ್ತು. ಮಗಳ ಮೇಲ್ತುಟಿಯ ಮೇಲೆ ಬೆರಳಗಲದ ಜಾಗ ಕೆಂಪಗೆ ಜಿನುಗುತ್ತಿತ್ತು. ಅವಳು ಕೂಗಲಿಲ್ಲ. ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದಳು, ಅಷ್ಟೆ.

"ಬಿಸಿ ಇರಲಿಲ್ಲವಲ್ಲೇ. ನನ್ನ ಮಣಿಕಟ್ಟಿಗೆ ಹಚ್ಚಿ ನೋಡಿಯೇ ಹಾಕಿದ್ದು."

"ಬಿಸಿ ಇರಲಿಲ್ಲಮ್ಮ."

ಮಗಳ ಮುಖದ್ದು ಆರು ವರ್ಷದ ಮೊಡವೆ. ಮೊಡವೆ ಅಂದರೆ ಒಂದೆರಡಲ್ಲ. ಗಂಟುಗಂಟಾಗಿ ಕೀವು ಕಟ್ಟಿ, ದಿಂಬಿಗೆ ಕೆನ್ನೆ ಇಡಲಾಗದಂಥವು. ಮನೆಯ ಮುಂದಿನ ಕೋಣೆಯೇ ಪಾರ್ಲರ್. "ಬೋರ್ಡೇನೋ ಚೆನ್ನಾಗಿದೆ ಅಕ್ಕ, ಷೋಕೇಸೇ ಸರಿ ಇಲ್ಲ" ಎಂದು ಎದುರುಮನೆಯ ಟೈಲರಮ್ಮ ನಕ್ಕ ದಿನದಿಂದ ಹುಡುಗಿ ಹಿತ್ತಿಲ ಬಾಗಿಲಲ್ಲೇ ಓಡಾಡುತ್ತಿದ್ದಳು. ತಾಯಿ ಹಟ ಹಿಡಿದು ಲೇಪ ಅರೆದಳು, ಹಚ್ಚಿದಳು, ಬದಲಾಯಿಸಿ ಮತ್ತೆ ಅರೆದಳು. ಕೊನೆಗೆ ಈ ನಾಲ್ಕು ತಿಂಗಳಲ್ಲಿ ಗಂಟುಗಳು ಒಂದೊಂದಾಗಿ ಇಳಿದವು. ಮಗಳ ತುಟಿ ಒಡೆದು ಸಿಪ್ಪೆ ಏಳುತ್ತಿತ್ತು. "ನೀರು ಕುಡಿಯಲ್ಲ ನೀನು" ಎಂದು ತಾಯಿ ಗದರಿ ಸುಮ್ಮನಾಗಿದ್ದಳು. ಬಂದವರಿಗೆಲ್ಲ ಲೇಪದ ಕಥೆ ಹೇಳಿದಳು. ಡಬ್ಬಿಗೆ ತುಂಬಿ ಕೊಟ್ಟಳು. ಮಗಳ ಫೋಟೋ ತೆಗೆಸಿ ಪಾರ್ಲರ್ ಗೋಡೆಗೆ ಹಾಕುವುದೆಂದು ನಿಶ್ಚಯಿಸಿ, ಇವತ್ತು ಸಂಜೆಗೆ ಫೋಟೋದವನಿಗೂ ಹೇಳಿಯಾಗಿತ್ತು. ವ್ಯಾಕ್ಸ್ ಬೇಡ ಎಂದು ಮಗಳು ಮೂರು ಸಲ ಅಂದಿದ್ದಳು. "ಮೀಸೆ ಬಿಟ್ಕೊಂಡು ಪೊಲೀಸಪ್ಪನ ಹಾಗೆ ನಿಲ್ತೀಯೇನೇ?" ಎಂದು ತಾಯಿಯೇ ಕೂರಿಸಿದ್ದು.

ಮಗಳು ಚೀಲದಿಂದ ಕ್ಯಾಪ್ಸೂಲಿನ ಹಾಳೆಯೊಂದನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು. ಅರ್ಧ ಖಾಲಿಯಾಗಿತ್ತು.

"ಮೊಡವೆಗೆ ಸ್ಕಿನ್ ಡಾಕ್ಟರ್ ಕೊಟ್ಟಿದ್ದು, ನಾಲ್ಕು ತಿಂಗಳಾಯ್ತು. ಜೋರು ಔಷಧಿ. ತಿಂಗಳು ತಿಂಗಳು ರಕ್ತ ಪರೀಕ್ಷೆ ಮಾಡ್ತಾರೆ. ಇದನ್ನ ತಗೊಳ್ಳೋವಾಗ ವ್ಯಾಕ್ಸ್ ಮಾಡಿಸ್ಲೇಬಾರದು, ಚರ್ಮ ಕಿತ್ತು ಬರುತ್ತೆ ಅಂದಿದ್ರು."

"ಗೊತ್ತಿದ್ದೂ ಕೂತ್ಯಾ?"

"ಲೇಪದಿಂದಲೇ ವಾಸಿಯಾಯ್ತು ಅಂತ ಅಷ್ಟು ಜನಕ್ಕೆ ಹೇಳ್ಬಿಟ್ಟಿದ್ಯಲ್ಲಮ್ಮ."

"ಮತ್ತೆ ಲೇಪ?"

"ನೀನು ಹಚ್ಚಿ ಆಚೆ ಹೋದ ತಕ್ಷಣ ತೊಳ್ಕೊಳ್ತಿದ್ದೆ. ತುಂಬಾ ಉರೀತಿತ್ತು."

ಅಷ್ಟರಲ್ಲಿ ಹೊರಬಾಗಿಲಲ್ಲಿ ಟೈಲರಮ್ಮನ ದನಿ ಕೇಳಿಸಿತು. ತಾಯಿ ಪರದೆ ಎಳೆದು ಮಗಳನ್ನು ಮರೆಮಾಡಿ ಹೊರಗೆ ಹೋದಳು.

"ಎರಡು ಡಬ್ಬಿ ಕೊಡಿ ಅಕ್ಕ. ನಮ್ಮ ನಾದಿನಿ ಮಗಳಿಗೆ. ಪಾಪ, ಮುಖ ಎತ್ತಲ್ಲ ಅದು."

ಡಬ್ಬಿಗಳು ಕಣ್ಣೆದುರೇ ಸಾಲಾಗಿದ್ದವು. ತಾಯಿ ಅವುಗಳ ಕಡೆ ನೋಡಿದಳು, ಪರದೆಯ ಕಡೆ ನೋಡಿದಳು.

"ಕೊಡಲ್ಲ. ನನ್ನ ಮಗಳಿಗೆ ವಾಸಿಯಾಗಿದ್ದು ಇದರಿಂದ ಅಲ್ಲ. ಆ ಮಗೂನ ಸ್ಕಿನ್ ಡಾಕ್ಟರ ಹತ್ರ ಕರ್ಕೊಂಡು ಹೋಗಿ."

"ಮತ್ತೆ ಇಷ್ಟು ದಿನ ನಮಗೆಲ್ಲ ಹಚ್ಚಿಸಿದ್ದು?"

ತಾಯಿ ಡಬ್ಬಿಗಳನ್ನು ಒಂದೊಂದಾಗಿ ಕೆಳಗಿಳಿಸತೊಡಗಿದಳು. ಟೈಲರಮ್ಮ ಮೆಟ್ಟಿಲಿಳಿದಳು. ಚಪ್ಪಲಿಯ ಸದ್ದು ಎದುರುಮನೆಗೆ ಹೋಗದೆ ಪಕ್ಕದ ಮನೆಯ ಬಾಗಿಲಲ್ಲಿ ನಿಂತಿತು.

ಪರದೆ ಸರಿಸಿ ಒಳಗೆ ಬಂದ ತಾಯಿ ಕಪಾಟಿನ ಶೀಶೆಗಳತ್ತ ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು.

"ಏನು ಹಚ್ಚಲಿ, ನೀನೇ ಹೇಳು."

"ಏನೂ ಬೇಡ. ಸ್ವಲ್ಪ ಊದು."

ತಾಯಿ ಕುರ್ಚಿಯ ಪಕ್ಕ ಮೊಣಕಾಲೂರಿ ಕೂತಳು. ಮಗಳು ಕಣ್ಣು ಮುಚ್ಚಿ ಮುಖವನ್ನು ಮೇಲಕ್ಕೆತ್ತಿದಳು. ತಾಯಿ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತುಸು ದೂರದಿಂದಲೇ, ಮೆಲ್ಲಗೆ ಊದತೊಡಗಿದಳು.